ಕೈವಾರದ ಜಗಲಿಯಲ್ಲಿ 'ಮಿಂಚಿನ ಓಟ'

ಹೊಸಕೋಟೆಯಿಂದ ಚಿಂತಾಮಣಿಗೆ ಹೋಗುವ ಬಸ್ಸು ಕೈವಾರ ಕ್ರಾಸಿನಲ್ಲಿ ಗಳಿಗೆ ಹೊತ್ತು ನಿಂತು, ಮೂಟೆ ಗಂಟುಗಳ ಸಮೇತ ನಾಲ್ಕು ಜನರನ್ನು ಇಳಿಸಿ, ಧೂಳೆಬ್ಬಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಅಲ್ಲಿಂದ ಊರಿಗೆ ಆಟೊ ಹಿಡಿಯಬೇಕು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ, ನಡುನಡುವೆ ಟೊಮೆಟೊ, ಮಾವು, ರಾಗಿ ಹೊಲ. ಎದುರಿಗೆ ಬಂಡೆಯ ಮೇಲೆ ಬಂಡೆ ಹೇರಿದ ಬೆಟ್ಟ. ಬಳೆ ಮಾರುತ್ತಿದ್ದ ನಾರಾಯಣಪ್ಪ ಈ ಬೆಟ್ಟದ ಗವಿಯಲ್ಲಿ ತಪಸ್ಸಿಗೆ ಕೂತು ಯೋಗಿ ನಾರೇಯಣ ಯತೀಂದ್ರರಾದರು, ಜನರ ಬಾಯಲ್ಲಿ ಕೈವಾರ ತಾತಯ್ಯನಾದರು. ಊರೊಳಗೆ ಅವರ ಮಠ, ಅಮರನಾರಾಯಣಸ್ವಾಮಿ ಗುಡಿ, ಭೀಮಲಿಂಗೇಶ್ವರನ ಗುಡಿ. ಹುಣ್ಣಿಮೆ ಹತ್ತಿರ ಬಂದರೆ ಭಜನೆಯ ತಾಳ ಬೀದಿಯ ತನಕ ಕೇಳುತ್ತದೆ.

ಸಂಜೆ ಐದರ ಹೊತ್ತಿಗೆ ಗುಡಿಬೀದಿಯ ಟೀ ಅಂಗಡಿಯ ಜಗಲಿ ತುಂಬಿಕೊಳ್ಳುತ್ತದೆ. ಸೊಪ್ಪಿನ ಹೊರೆ ಇಳಿಸಿ ಬಂದವರು, ಗಾರೆ ಕೆಲಸ ಮುಗಿಸಿ ಕೈ ತೊಳೆದು ಬಂದವರು, ಚಿಂತಾಮಣಿ ಕಾಲೇಜಿನಿಂದ ವಾಪಸಾದ ಹುಡುಗರು, ಬಾಡಿಗೆ ಇಲ್ಲದೆ ಕೂತ ಆಟೊದವರು. ಆಟೊದ ಹಿಂಬದಿಯಲ್ಲಿ ಶಂಕರ್‌ನಾಗ್ ಚಿತ್ರ. 1980ರಲ್ಲಿ 'ಆಟೋ ರಾಜ' ಬಂದಾಗಿನಿಂದ ಕರ್ನಾಟಕದ ಆಟೊದವರಿಗೆ ಅವರು ಮನೆಯ ಮಗ, ಶಂಕ್ರಣ್ಣ.

ಅದೇ 1980ರಲ್ಲಿ ಶಂಕ್ರಣ್ಣನ ಇನ್ನೊಂದು ಸಿನಿಮಾ ಬಂದಿತ್ತು. ಅದರ ಹೆಸರು 'ಮಿಂಚಿನ ಓಟ'. ಅವರು ನಿರ್ದೇಶಿಸಿದ ಮೊದಲ ಚಿತ್ರ ಅದು. ಕಾರು ಕದಿಯುವವರ ಕಥೆ: ಕದಿಯುತ್ತಾರೆ, ಸಿಕ್ಕಿಬೀಳುತ್ತಾರೆ, ಜೈಲು ಸೇರುತ್ತಾರೆ, ಜೈಲಿನಿಂದ ಪಾರಾಗಲು ಹೊರಡುತ್ತಾರೆ. ಅನಂತ್ ನಾಗ್, ಶಂಕರ್ ನಾಗ್ ಮತ್ತು 'ತಾತ'ನಾಗಿ ಲೋಕನಾಥ್, ಈ ಮೂವರದೇ ಸಿನಿಮಾ. ಬೆನ್ನ ಹಿಂದೆ ಪೊಲೀಸರು. 1979-80ನೇ ಸಾಲಿನ ರಾಜ್ಯ ಪ್ರಶಸ್ತಿಗಳಲ್ಲಿ ಮೊದಲ ಅತ್ಯುತ್ತಮ ಚಿತ್ರವೂ ಸೇರಿ ಏಳು ಪ್ರಶಸ್ತಿ ಇದರ ಪಾಲಿಗೆ ಬಂದವು. ಅನಂತ್ ನಾಗ್ ಶ್ರೇಷ್ಠ ನಟರಾದರು. ಇಷ್ಟೆಲ್ಲ ಇದ್ದೂ ಇವತ್ತು ಆಟೊ ನಿಲ್ದಾಣದಲ್ಲಿ ನಿಂತು ಹೆಸರು ಹೇಳಿದರೆ "ಅದ್ಯಾವ್ದಣ್ಣ?" ಅನ್ನುವವರೇ ಹೆಚ್ಚು.

ಜಗಲಿಯ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿದ ಮೊಬೈಲು. ಅದರ ಅಂಗೈಯಗಲದ ಪರದೆಯಲ್ಲಿ 'ಮಿಂಚಿನ ಓಟ' ಓಡುತ್ತಿದೆ. ಪ್ರಿಂಟು ಹಳೆಯದು, ಗೀರು ಬಿದ್ದಿದೆ, ಬಣ್ಣ ಮಾಸಿದೆ, ಮಾತು ಅಲ್ಲಲ್ಲಿ ಗೊರಗೊರ. ಸ್ಟವ್ವಿನ ಸದ್ದು ಜೋರಾದಾಗಲೆಲ್ಲ ಯಾರೋ ಒಬ್ಬರು ಬಗ್ಗಿ ಪರದೆಗೆ ಕಿವಿ ಕೊಡುತ್ತಾರೆ. ಮೊದಲು ಎರಡೇ ತಲೆ ಇದ್ದವು. ಟೀ ಕುಡಿದು ಲೋಟ ಇಟ್ಟು ಹೊರಟವರೂ ನಿಂತರು. ನಿಂತವರು ಕೂತರು.

ಆಟೊದವನು ಪರದೆಗೆ ಎಲ್ಲರಿಗಿಂತ ಹತ್ತಿರ ಕೂತಿದ್ದಾನೆ. ಮೈಮೇಲೆ ಖಾಕಿ ಅಂಗಿ, ಕಾಲಲ್ಲಿ ಹವಾಯಿ ಚಪ್ಪಲಿ. ಗಾಡಿ ವೇಗವಾಗಿ ತಿರುವು ತೆಗೆದುಕೊಂಡಾಗ ಅವನ ಬಲಗಾಲು ತಾನಾಗಿ ಜಗಲಿಯ ಕಲ್ಲನ್ನು ಒತ್ತುತ್ತದೆ; ಅವನ ಆಟೊದಲ್ಲಿ ಬ್ರೇಕು ಇರುವುದು ಅಲ್ಲೇ. ಹೆಬ್ಬೆರಳು ಬಿಗಿದು, ಹಿಮ್ಮಡಿ ಎದ್ದು, ಗಾಡಿ ಸರಿಯಾದ ಮೇಲೆ ಕಾಲು ಸಡಿಲವಾಗುತ್ತದೆ. ತನ್ನ ಕಾಲು ಹೀಗೆ ಮಾಡುತ್ತಿದೆ ಎಂದು ಅವನಿಗೆ ಗೊತ್ತಿಲ್ಲ. "ಶಂಕ್ರಣ್ಣಂದು ಎಲ್ಲಾ ನೋಡಿವ್ನಿ ಅಂದ್ಕೊಂಡಿದ್ದೆ. ಇದೊಂದು ಹೆಂಗಣ್ಣ ತಪ್ಪೋಯ್ತು?" ಎಂದು ನಡುವೆ ಒಮ್ಮೆ ಕೇಳಿದ. ಉತ್ತರಕ್ಕೆ ಕಾಯದೆ ಮತ್ತೆ ಪರದೆಯೊಳಗೆ ಇಳಿದ.

ಕಾಲೇಜು ಹುಡುಗನ ಮಾತು ಬೇರೆ. ಪಕ್ಕದ ಜಿಲ್ಲೆಯ ಚಿನ್ನದ ಗಣಿ ಹಿಡಿದು ಕಟ್ಟಿದ 'ಕೆಜಿಎಫ್' ಸಿನಿಮಾದ ಅಬ್ಬರದಲ್ಲಿ ಬೆಳೆದ ತಲೆಮಾರಿನವನು ಅವನು. "ಮೊದ್ಲು ಹತ್ ನಿಮಿಷ ಬೋರ್ ಆಯ್ತಣ್ಣ. ಸೌಂಡು ಸರಿ ಇಲ್ಲ, ಬಿಲ್ಡಪ್ ಇಲ್ಲ. ಹೀರೊ ಬಂದ್ರೂ ಬಂದಂಗೆ ಇಲ್ಲ. ಆಮೇಲೆ ಗೊತ್ತಾಯ್ತು, ಇವ್ರಿಗೆ ಏನ್ ಬೇಕಾದ್ರೂ ಆಗ್ಬೋದು ಅಂತ. ಅಲ್ಲಿಂದ ಕಣ್ ತೆಗೀಲಿಲ್ಲ." ವಿಮರ್ಶಕರು ಪುಟಗಟ್ಟಲೆ ಬರೆದು ಹೇಳಬಹುದಾದ್ದನ್ನು ಈ ಹುಡುಗ ಒಂದು ಉಸಿರಿನಲ್ಲಿ ಹೇಳಿದ. ನೂರು ಜನರನ್ನು ಹೊಡೆದು ಬರುವ ನಾಯಕನ ಬಗ್ಗೆ ನಮಗೆ ಹೆಮ್ಮೆ ಹುಟ್ಟಬಹುದು, ಭಯ ಹುಟ್ಟುವುದಿಲ್ಲ. ಬೆನ್ನಟ್ಟುವ ಕಥೆಗೆ ಬೇಕಾದ್ದು ಭಯ. ಓಡುವವನು ಎಡವಬಹುದು, ಏದುಸಿರು ಬಿಡಬಹುದು, ಸಿಕ್ಕಿಬೀಳಬಹುದು ಎಂಬ ಭಯ.

ಅಂಗಡಿಯಾಕೆ ಬಜ್ಜಿ ಎತ್ತುತ್ತಲೇ ಅರ್ಧ ಕಣ್ಣಿನಲ್ಲಿ ನೋಡಿದವರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಗೂಡಾದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಾರೆ. ಹುಳು ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. "ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹೆಂಗೆ ಹಗ್ಲೂ ರಾತ್ರಿ ಸೊಪ್ಪು ಮೇಯ್ತದೋ ಹಂಗೈತಪ್ಪ ಈ ಸಿನಿಮಾ. ಒಂದ್ಸಲ ಶುರುವಾದ್ರೆ ನಮ್ಗೆ ಕೂರಕ್ಕೂ ಬಿಡಲ್ಲ, ಮಲಗಕ್ಕೂ ಬಿಡಲ್ಲ." ಕೈಯ ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತಿತ್ತು. ಬಾಣಲೆಯಲ್ಲಿದ್ದ ಇನ್ನೊಂದು ಒಬ್ಬೆ ಬಜ್ಜಿ ಕಪ್ಪಾಗುತ್ತಿದ್ದುದು ಆಮೇಲೆ ಕಂಡಿತು.

ಗಾರೆ ಕೆಲಸದ ಹಿರಿಯರಿಗೆ ಹೀರೊಗಳಿಗಿಂತ ಲೋಕನಾಥ್ ಹಿಡಿಸಿದ್ದಾರೆ. ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಟಾಕೀಸಿನಲ್ಲಿ ಎರಡೂ. ಮೆಚ್ಚಿಗೆ ಮನೆಮಾತಿನಲ್ಲೇ ಬಂತು: "ತಾತ ಬಾಗಾ ಚೇಶಾಡು," ತಾತ ಚೆನ್ನಾಗಿ ಮಾಡಿದ್ದಾನೆ. 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಉಪ್ಪಿನಕಾಯಿ ನೆಕ್ಕಿ ನಾಡನ್ನೆಲ್ಲ ನಗಿಸಿದ ಲೋಕನಾಥ್ ಇವರೇ ಎಂದು ಪಕ್ಕದವರು ಹೇಳಿದಾಗ ಅವರು ಒಂದು ಕ್ಷಣ ನಂಬಲಿಲ್ಲ. 1974ರ ಆ ಪಾತ್ರದ ನೆರಳು ಇಲ್ಲಿ ಎಲ್ಲಿಯೂ ಇಲ್ಲ. 'ಮಿಂಚಿನ ಓಟ' ಬಂದಾಗ ಲೋಕನಾಥರಿಗೆ ಐವತ್ತರ ಆಚೀಚೆ. ಮುಖ, ಕುತ್ತಿಗೆ, ನಡಿಗೆ ಎಲ್ಲದರಲ್ಲೂ ಮುಪ್ಪು ತಂದುಕೊಂಡಿದ್ದಾರೆ. ಇಬ್ಬರು ಪಡ್ಡೆ ಹುಡುಗರ ಜೊತೆ ಒಬ್ಬ ಮುದುಕನನ್ನು ಸೇರಿಸಿದ್ದೇ ಈ ಕಥೆಯ ಜೀವ. "ಸಿಗ್ತಾರಾ, ಸಿಗಲ್ವಾ?" ಎಂಬ ಪ್ರಶ್ನೆಗಿಂತ "ಮುದುಕನ್ನ ಬಿಟ್ಟು ಓಡೋಗ್ತಾರಾ?" ಎಂಬ ಪ್ರಶ್ನೆ ಜಗಲಿಯಲ್ಲಿ ಹೆಚ್ಚು ಸಲ ಕೇಳಿತು.

ಹೊಗಳಿಕೆಯೇ ಎಲ್ಲವೂ ಅಲ್ಲ. ಟೂರಿಂಗ್ ಟಾಕೀಸಿನ ಕಾಲದಲ್ಲೇ ಈ ಚಿತ್ರ ನೋಡಿದ್ದ ಒಬ್ಬ ಹಿರಿಯರು ನೇರವಾಗಿ ಹೇಳಿದರು: "ಆವಾಗ ನಮ್ಗೆ ಇದು ಹಿಡಿಸ್ಲಿಲ್ಲ. ಫೈಟು ಜಾಸ್ತಿ ಇರ್ತದೆ ಅಂತ ಹೋದೋ. ಇದ್ರಲ್ಲಿ ಕಳ್ರೂ ಮನುಷ್ಯರಂಗೇ ಇದ್ರು. ಟೆಂಟಲ್ಲಿ ಅರ್ಧ ಜನ ಎದ್ದೋದ್ರು. ಇವಾಗ ನೋಡಿದ್ರೆ ಚೆನ್ನಾಗೈತೆ. ಸಿನಿಮಾ ಅದೇ, ನಾವು ಬದ್ಲಾಗಿದೀವಿ."

ಆಮೇಲೆ ಶುರುವಾಯಿತು ದೊಡ್ಡ ವಾದ. ಪೊಲೀಸ್ ಕೆಲಸದಿಂದ ನಿವೃತ್ತರಾದವರೊಬ್ಬರು ಅದುವರೆಗೆ ಸುಮ್ಮನೆ ನೋಡುತ್ತಿದ್ದರು. "ಕಳ್ಳ ತಪ್ಪಿಸ್ಕೊಳ್ಳಿ ಅಂತ ನೀವೆಲ್ಲ ಕೈ ಮುಗೀತಾ ಇದೀರಲ್ಲ, ಇದು ಸರೀನಾ? ಕಾರು ಕಳಕೊಂಡವನ ಗತಿ ಏನು? ಬೆನ್ನತ್ತಿದ ಪೊಲೀಸಿಗೂ ಮನೆ ಮಠ ಇಲ್ವಾ?" ಮಾತಿನಲ್ಲಿ ಕೋಪ ಇರಲಿಲ್ಲ, ನಿಜವಾದ ಕಳಕಳಿ ಇತ್ತು. ಜಗಲಿ ಸ್ವಲ್ಪ ಹೊತ್ತು ತೆಪ್ಪಗಾಯಿತು.

ಉತ್ತರ ಬಂದದ್ದು ಟೆಂಟಿನ ಹಿರಿಯರಿಂದ. "ಅಲ್ಲಪ್ಪಾ, ನಮ್ಮೂರು ಯಾವ್ದು? ಏಕಚಕ್ರಪುರ. ಅರಗಿನ ಮನೆಗೆ ಬೆಂಕಿ ಬಿದ್ದಾಗ ಪಾಂಡವ್ರು ಸುರಂಗದಾಗೆ ತಪ್ಪಿಸ್ಕೊಂಡು, ವೇಷ ಮರೆಸ್ಕೊಂಡು ಬಂದಿದ್ದು ಎಲ್ಲಿಗೆ? ಇಲ್ಲಿಗೇ ಅಲ್ವಾ?"

"ಪಾಂಡವ್ರು ಕಳ್ಳತನ ಮಾಡಿರ್ಲಿಲ್ಲ," ಎಂದರು ಪೊಲೀಸಿನವರು.

"ಹೌದು. ಅನ್ನ ಹಾಕಿದ ಆ ಮನೆಯಮ್ಮಂಗೆ ಅದು ಗೊತ್ತಿತ್ತಾ?"

ಕೈವಾರದವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ ಇದು. ಭೀಮ ಬಕಾಸುರನನ್ನು ಕೊಂದದ್ದು ಈ ಬೆಟ್ಟದಲ್ಲಿ ಎನ್ನುತ್ತಾರೆ. ಭೀಮಲಿಂಗೇಶ್ವರನನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಓಡಿ ಬಂದವರು ಯಾರು, ಏನು ಎಂದು ಕೇಳದೆ ಮನೆಯೊಳಗೆ ಕರೆದುಕೊಂಡ ಬಡ ಬ್ರಾಹ್ಮಣನ ಸಂಸಾರವೂ ಆ ಕಥೆಯಲ್ಲಿದೆ. ಭೀಮನ ಪರಾಕ್ರಮ ಆಮೇಲಿನ ಮಾತು, ಮೊದಲು ಬಾಗಿಲು ತೆರೆದ ಕೈ. 'ಮಿಂಚಿನ ಓಟ' ಕಳ್ಳತನವನ್ನು ಒಳ್ಳೆಯದೆಂದು ಹೇಳುವುದಿಲ್ಲ. ಓಡುತ್ತಿರುವವನ ಮುಖವನ್ನು ಹತ್ತಿರದಿಂದ ತೋರಿಸಿ, ನಿನಗೇನನ್ನಿಸುತ್ತದೆ ಎಂದು ನಮ್ಮನ್ನು ಕೇಳುತ್ತದೆ. ಜಗಲಿಯಲ್ಲಿ ಕೂತವರು ಆ ಪ್ರಶ್ನೆಗೆ ತಮ್ಮೂರಿನ ಪುರಾಣ ಹಿಡಿದೇ ಉತ್ತರ ಕೊಟ್ಟರು. ಪೊಲೀಸಿನವರು ಒಪ್ಪಲಿಲ್ಲ. ಎದ್ದೂ ಹೋಗಲಿಲ್ಲ. ಕೊನೆಯ ದೃಶ್ಯದ ತನಕ ಕೂತು ನೋಡಿದರು.

ಬೆನ್ನಟ್ಟುವ ಸಿನಿಮಾಕ್ಕೆ ದುಡ್ಡು ಸುರಿಯಲೇಬೇಕೆಂಬ ಮಾತು ಸುಳ್ಳೆಂದು ಆ ಕಾಲದ ತರುಣರು ಜಗತ್ತಿನ ಬೇರೆಬೇರೆ ಕಡೆ ತೋರಿಸಿದ್ದರು. 1971ರಲ್ಲಿ ಅಮೆರಿಕದ ಟಿವಿಗಾಗಿ ಸ್ಟೀವನ್ ಸ್ಪೀಲ್‌ಬರ್ಗ್ ಎರಡು ವಾರದ ಆಸುಪಾಸಿನಲ್ಲಿ 'ಡ್ಯುಯೆಲ್' ಚಿತ್ರೀಕರಿಸಿದರು. ಒಂದು ಕಾರು, ಒಂದು ಲಾರಿ, ಉದ್ದಕ್ಕೆ ಮಲಗಿದ ರಸ್ತೆ, ಅಷ್ಟೇ. ಲಾರಿ ಓಡಿಸುವವನ ಮುಖವನ್ನು ತೋರಿಸದೆಯೇ ನೋಡುವವರ ಬೆವರಿಳಿಸಿದರು. 1979ರಲ್ಲಿ ಆಸ್ಟ್ರೇಲಿಯಾದ ಜಾರ್ಜ್ ಮಿಲ್ಲರ್ ಅಲ್ಪ ಬಂಡವಾಳದಲ್ಲಿ 'ಮ್ಯಾಡ್ ಮ್ಯಾಕ್ಸ್' ತೆಗೆದರು. ಅವರು ಓದಿನಿಂದ ವೈದ್ಯರು. ಮರುವರ್ಷ ಕನ್ನಡದಲ್ಲಿ 'ಮಿಂಚಿನ ಓಟ'. ಶಂಕರ್‌ಗೆ ಆಗ 25 ವರ್ಷ. ಆ ಎರಡು ಚಿತ್ರಗಳ ಹೆಸರು ಜಗತ್ತಿಗೆಲ್ಲ ಗೊತ್ತು. ನಮ್ಮದರ ಹೆಸರು ನಮ್ಮ ಜಗಲಿಗೇ ಗೊತ್ತಿಲ್ಲ. ಇದು ನೋವಿನ ಸಂಗತಿ.

ಈ ಸಣ್ಣ ಚಿತ್ರದಿಂದ ಏನೆಲ್ಲ ಹೊರಟಿತು ಎಂದು ನೆನೆದರೆ ನೋವು ಹೆಚ್ಚುತ್ತದೆ. ಮುಂದೆ ಕನ್ನಡಿಗರನ್ನು ವರ್ಷಗಟ್ಟಲೆ ನಗಿಸಿದ ಮನದೀಪ್ ರಾಯ್ ತೆರೆಗೆ ಬಂದದ್ದು ಇದರಿಂದ. ಶಂಕರ್ ಇಲ್ಲಿಂದ 'ಗೀತಾ'ಗೆ, 'ಆ್ಯಕ್ಸಿಡೆಂಟ್'ಗೆ, ಆಗುಂಬೆಯ ಮಳೆಯಲ್ಲಿ ಕಟ್ಟಿದ 'ಮಾಲ್ಗುಡಿ ಡೇಸ್'ಗೆ ನಡೆದರು. ನಾಟಕದ ಗೆಳೆಯರನ್ನು ಜೊತೆಗಿಟ್ಟುಕೊಂಡು, ಇದ್ದುದರಲ್ಲಿ ಕಟ್ಟುವ ರೀತಿಗೆ ಸಿನಿಮಾದಲ್ಲಿ ಮೊದಲ ಇಟ್ಟಿಗೆ ಬಿದ್ದದ್ದು ಇಲ್ಲೇ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಅವರು ಹೋದಾಗ ವಯಸ್ಸು 35. ಅಷ್ಟು ಚಿಕ್ಕ ಬದುಕಿನಲ್ಲಿ ಮೊದಲ ಹೆಜ್ಜೆಯನ್ನೇ ನಾವು ಮರೆತು ಕೂತರೆ ಹೇಗೆ?

ಮೊಬೈಲಿನಲ್ಲಿ ಸಿನಿಮಾ ಮುಗಿದಾಗ ಜಗಲಿಯಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಟೀ ಲೋಟಗಳ ಲೆಕ್ಕ ಆಯಿತು. ಕಾಲೇಜು ಹುಡುಗ ಗೆಳೆಯನಿಗೆ ಹೆಸರು ಕಳಿಸಿದ. ಕೊನೆ ಏನಾಗುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಅದನ್ನು ನೋಡಿಯೇ ತಿಳಿಯಬೇಕು.

ಕರ್ನಾಟಕ ಚಲನಚಿತ್ರ ಅಕಾಡೆಮಿ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಚಿತ್ರರಂಗದ ಹಿರಿಯರು ಮನಸ್ಸು ಮಾಡಿ ಈ ಚಿತ್ರಕ್ಕೆ ಶುಚಿಯಾದ ಪ್ರತಿ ಮಾಡಿಸಲಿ. ಹಳೆಯ ಫಿಲ್ಮು ವರ್ಷ ಕಳೆದಂತೆ ಕೆಡುತ್ತದೆ, ಕೆಟ್ಟ ಮೇಲೆ ಯಾರೂ ಏನೂ ಮಾಡಲಾಗದು. ಚಿತ್ರೋತ್ಸವಗಳ ತಂಪು ಸಭಾಂಗಣದಲ್ಲಿ ಒಂದು ಪ್ರದರ್ಶನ ಮಾಡಿ ಕೈ ತೊಳೆದುಕೊಳ್ಳುವುದು ಬೇಡ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನಂಥ ಊರುಗಳಿಗೂ ತನ್ನಿ. ಇದರ ಬೆಲೆ ಕಟ್ಟಬಲ್ಲ ನೋಡುಗರು ಅಲ್ಲಿದ್ದಾರೆ. ಓದುಗರಲ್ಲಿ ಕೇಳುವುದಿಷ್ಟೇ: ಒಂದು ಸಂಜೆ ಬಿಡುವು ಮಾಡಿಕೊಂಡು 'ಮಿಂಚಿನ ಓಟ' ನೋಡಿ, ಮನೆಯ ಹಿರಿಯರನ್ನೂ ಜೊತೆಗೆ ಕೂರಿಸಿಕೊಳ್ಳಿ. ಹಿಡಿಸಿದರೆ ಹಿಡಿಸಿತು ಎನ್ನಿ, ಹಿಡಿಸದಿದ್ದರೆ ಯಾಕೆಂದು ಹೇಳಿ. ಎರಡನ್ನೂ ನಾಲ್ಕು ಜನರ ಮುಂದೆ ಹೇಳಿ.