ರೊಟ್ಟಿ ಹಿಟ್ಟಿನಲ್ಲಿ ಬಲಿಯುವ ಬೆರಳು

ಬೇಸಿಗೆಯಲ್ಲಿ ಇಂಡಿ, ಸಿಂದಗಿ ಕಡೆ ಬಿಸಿಲು 40 ಡಿಗ್ರಿ ದಾಟಿತೆಂದರೆ ಕೂಸುಗಳನ್ನು ಅಂಗಳಕ್ಕೆ ಬಿಡುವ ಹಾಗಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಪರಾತದ ಪಕ್ಕ ಕೂತ ಎರಡು ವರ್ಷದ ಮಗುವಿಗೆ ಆಯಿ ಆರಿದ ಹಿಟ್ಟಿನದೊಂದು ಉಂಡಿ ಕೊಡುತ್ತಾಳೆ: "ತಗೋ, ನೀನೂ ಒಂದ್ ಬಡಿ." ಮಗು ಅಂಗೈ ಊರಿ ಅದನ್ನು ಚಪ್ಪಟೆ ಮಾಡುತ್ತದೆ, ತೋರುಬೆರಳಿನಿಂದ ತೂತು ಕೊರೆಯುತ್ತದೆ, ಅಂಚನ್ನು ಚಿವುಟಿ ಚಿವುಟಿ ನೆಲಕ್ಕೆ ಅಂಟಿಸುತ್ತದೆ.

ಆ ಚಿವುಟುವಿಕೆ ಸಣ್ಣ ಕೆಲಸವಲ್ಲ. ಬೆರಳುಗಳನ್ನು ಮಡಚಲು ಅವುಗಳೊಳಗೆ ಸ್ನಾಯುಗಳೇ ಇಲ್ಲ. ಎಳೆಯುವ ಬಲ ಮುಂಗೈಯಿಂದ ಸ್ನಾಯುರಜ್ಜುಗಳ ಮೂಲಕ ಬರುತ್ತದೆ, ನಾಜೂಕಾಗಿ ತಿರುಗಿಸುವುದು ಅಂಗೈಯ ಪುಟ್ಟ ಸ್ನಾಯುಗಳ ಪಾಲಿಗೆ. ಮಣಿಕಟ್ಟಿನಲ್ಲಿ 8 ಮೂಳೆಗಳಿವೆ. ಹುಟ್ಟುವಾಗ ಅವು ಸಾಮಾನ್ಯವಾಗಿ ಮೆದುವಾದ ಮೃದ್ವಸ್ಥಿಯೇ. ಎರಡು ವರ್ಷದ ಮಗುವಿನ ಎಕ್ಸ್‌ರೇಯಲ್ಲಿ ಎರಡೋ ಮೂರೋ ಮಾತ್ರ ಮೂಳೆಯಾಗಿ ಕಾಣುತ್ತವೆ.

ಹೀಗಿರುವ ಕೈಗೆ ಪೆನ್ಸಿಲ್ ಕೊಟ್ಟು "ಅ ಬರಿ" ಎನ್ನುವುದು ತೀರ ಅವಸರ. ಈ ವಯಸ್ಸಿನವರು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ, ಮೂರು ಬೆರಳಿನ ಹಿಡಿತ ಬರುವುದು ನಾಲ್ಕರ ಆಸುಪಾಸಿಗೆ.

ಜೋಳದ ಹಿಟ್ಟು ಇಲ್ಲಿ ವಿಶೇಷವಾಗಿ ಒದಗಿಬರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿಲ್ಲ. ಆದ್ದರಿಂದಲೇ ಕುದಿಯುವ ಎಸರು ಹಾಕಿ ನಾದುವುದು, ಬಿಸಿಗೆ ಪಿಷ್ಟ ಅಂಟಾಗಿ ಹಿಟ್ಟು ಹದಗೊಳ್ಳುತ್ತದೆ. ಗೋಧಿ ಕಣಕವನ್ನು ಒತ್ತಿ ಬಿಟ್ಟರೆ ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ; ಜೋಳದ್ದು ಪುಟ್ಟ ಬೆರಳಿನ ಗುರುತನ್ನೂ ಹಾಗೇ ಉಳಿಸಿಕೊಳ್ಳುತ್ತದೆ. ತಾನು ಒತ್ತಿದ್ದು ಕಣ್ಣೆದುರೇ ಉಳಿದರೆ ಮಗು ಮತ್ತೆ ಒತ್ತುತ್ತದೆ.

ಇಂಡಿ ಸೀಮೆಯಲ್ಲಿ ಲಿಂಬೆಗೇನು ಕೊರತೆ? ದಪ್ಪನೆಯ ನಾಲ್ಕೈದನ್ನು ಬುಟ್ಟಿಯಿಂದ ತೆಗೆದು ಡಬ್ಬಿಗೆ ಹಾಕಲು ಬಿಡಬಹುದು. ಹಣ್ಣಿನ ಗಾತ್ರವನ್ನು ಕಣ್ಣು ಅಳೆದಂತೆ, ಮುಟ್ಟುವ ಮೊದಲೇ ಕೈ ಅಷ್ಟಗಲಕ್ಕೆ ತೆರೆದುಕೊಳ್ಳುತ್ತದೆ. ಡಬ್ಬಿಯ ಮುಚ್ಚಳ ತಿರುಗಿಸುವುದು ಮುಂದಿನ ಆಟ.

ಮುದ್ದೇಬಿಹಾಳದ ಮನೆಗಳಲ್ಲಿ ಹಸಿ ತೊಗರಿಕಾಯಿ ಸುಲಿಯಲು ಕೂತಾಗ ಮಕ್ಕಳೂ ಕೈ ಹಾಕುತ್ತಾರೆ. ಇಲ್ಲಿ ಮಾತ್ರ ಎಚ್ಚರ ಬೇಕೇ ಬೇಕು. ಮೂರು ವರ್ಷದೊಳಗಿನವರ ಕೈಗೆ ತೊಗರಿ, ಶೇಂಗಾ, ಮಣಿ ಯಾವುದೂ ಸಿಗಬಾರದು. ಅವರ ಶ್ವಾಸನಾಳ ಕಿರಿದು, ಒಂದೇ ಒಂದು ಕಾಳು ಸಿಕ್ಕಿಕೊಂಡರೂ ಜೀವಕ್ಕೆ ಅಪಾಯ. ದೊಡ್ಡ ಮಕ್ಕಳಾದರೂ ಹಿರಿಯರ ಎದುರಿಗೇ ಸುಲಿಯಲಿ.

ಮಳೆಗಾಲ ಹಿಡಿಯುತ್ತಲೇ ಮಣ್ಣೆತ್ತಿನ ಅಮಾವಾಸ್ಯೆ. ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿಯಲ್ಲೂ ಸುತ್ತಲ ಹಳ್ಳಿಗಳಲ್ಲೂ ಮಣ್ಣು ಕಲಸಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಹೊಟ್ಟೆಗೆ ಎರಡೂ ಅಂಗೈ ಸೇರಿ ಉರುಟಬೇಕು, ಹಿಣಿಲು ಎತ್ತಲು ಹೆಬ್ಬೆರಳು ಬೇಕು, ಕೋಡಿಗಂತೂ ತುದಿಬೆರಳೇ ಆಗಬೇಕು. ಎರಡು ವರ್ಷದವರ ಎತ್ತು ಬಹುಮಟ್ಟಿಗೆ ಒಂದು ಮಣ್ಣಿನ ಮುದ್ದೆ. ಅದಕ್ಕೆ ಅಕ್ಕ ಕೋಡು ಹಚ್ಚಿಕೊಡುತ್ತಾಳೆ. ತಮ್ಮ ಅದನ್ನು ಕಿತ್ತು, ಹೊಸೆದು, ತಾನೇ ಮತ್ತೆ ಹಚ್ಚಲು ನೋಡುತ್ತಾನೆ.