ಗಾಜಿನ ತೊಟ್ಟಿಯೊಳಗೊಂದು ಪುಟ್ಟ ಕೆರೆ

ಊರಿನಲ್ಲಿ ಮಕ್ಕಳಿಗೆ ಮೀನು ತೋರಿಸಬೇಕಾದರೆ ಕೆರೆಯ ಮೆಟ್ಟಿಲಿಗೆ ಕರೆದೊಯ್ದು ಒಂದು ಹಿಡಿ ಮಂಡಕ್ಕಿ ಎರಚಿದರೆ ಸಾಕು. ಮುಂಬಯಿಯ ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಗೆ ಕೆರೆಯನ್ನು ತರುವುದೆಲ್ಲಿಂದ? ಮಗಳ ಹಟಕ್ಕೆ ಸೋತು ನಾವು ಒಂದು ಗಾಜಿನ ತೊಟ್ಟಿಯನ್ನೂ ಆರು ಗಪ್ಪಿ ಮೀನುಗಳನ್ನೂ ಕೊಂಡು ತಂದೆವು.

ಪ್ರತಿ ಭಾನುವಾರ ಮನೆಮಂದಿಯೆಲ್ಲ ಸೇರಿ ಮೀನುಗಳನ್ನು ಪಾತ್ರೆಗೆ ಹಾಕಿ, ಗಾಜನ್ನು ತಿಕ್ಕಿ, ಮರಳನ್ನು ತೊಳೆದು, ನಲ್ಲಿಯ ಹೊಸ ನೀರನ್ನು ತುಂಬುತ್ತಿದ್ದೆವು. ತೊಟ್ಟಿಯೇನೋ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಮೂರನೆಯ ವಾರಕ್ಕೆ ಒಂದು ಮೀನೂ ಉಳಿಯಲಿಲ್ಲ. "ಇಷ್ಟು ಚೊಕ್ಕಟವಾಗಿ ಇಟ್ಟಿದ್ದೆವಲ್ಲಪ್ಪಾ, ಯಾಕೆ ಸತ್ತುಹೋದವು?" ಎಂದು ಮಗಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೀನಿನ ಉಸಿರಿನಿಂದಲೂ ಮಲದಿಂದಲೂ, ತಿನ್ನದೆ ಉಳಿದ ಆಹಾರದಿಂದಲೂ ನೀರಿಗೆ ಅಮೋನಿಯ ಸೇರುತ್ತದೆ. ಅದು ಮೀನಿಗೆ ವಿಷ. ಮರಳಿನಲ್ಲಿಯೂ ಗಾಜಿನ ಮೇಲೂ ನೆಲೆಸುವ ಸೂಕ್ಷ್ಮಾಣುಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ, ಅನಂತರ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಉಪಕಾರಿ ಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾವೋ ವಾರಕ್ಕೊಮ್ಮೆ ಅವುಗಳನ್ನು ತೊಳೆದು ಚೆಲ್ಲುತ್ತಿದ್ದೆವು! ಸಾಲದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್ ಅವಕ್ಕೂ ಮೀನಿಗೂ ಕೇಡು.

ಗಿಡಗಳ ಮಹಿಮೆ ಇಲ್ಲಿಯೇ ಇದೆ. ಅವು ಅಮೋನಿಯವನ್ನೂ ನೈಟ್ರೇಟನ್ನೂ ಗೊಬ್ಬರವಾಗಿ ಹೀರಿ, ಹಗಲಿನಲ್ಲಿ ಆಮ್ಲಜನಕವನ್ನು ಕೊಡುತ್ತವೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಎರಡು ಹೊನ್ನಮೀನುಗಳನ್ನು ವ್ಯಾಲಿಸ್ನೇರಿಯ ಗಿಡದೊಡನೆ ಇಟ್ಟು ಪರೀಕ್ಷಿಸಿದನು. ಉದುರಿದ ಎಲೆಗಳು ಕೊಳೆತು ನೀರು ಕದಡಿತು. ಕೊಳದ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತುದನ್ನು ತಿಂದು ಮುಗಿಸಲು ನೀರು ತಿಳಿಯಾಯಿತು. 1850ರಲ್ಲಿ ಆತ ಇದನ್ನು ಅಲ್ಲಿಯ ರಸಾಯನ ಸಂಘಕ್ಕೆ ವರದಿಮಾಡಿದನು.

ವ್ಯಾಲಿಸ್ನೇರಿಯ, ಹೈಡ್ರಿಲ್ಲಗಳು ನಮ್ಮ ಕೆರೆಗಳಲ್ಲಿಯೂ ಬೆಳೆಯುವಂಥವು. ಮೀನಿನ ಅಂಗಡಿಗಳಲ್ಲಿಯೂ ಸಿಗುತ್ತವೆ. ಎರಡು ಅಂಗುಲ ಮರಳಿನಲ್ಲಿ ನೆಟ್ಟು, ದಿನಕ್ಕೆ ಎಂಟು ಗಂಟೆ ಬೆಳಕು ಬಿದ್ದರೆ ಸಾಕು. ನೇರ ಬಿಸಿಲು ಬೇಡ, ಪಾಚಿ ಹೆಚ್ಚುತ್ತದೆ. ಹಳದಿಯಾದ ಎಲೆಗಳನ್ನು ಆಗಾಗ ಕತ್ತರಿಸಿ ತೆಗೆಯಬೇಕು. ರಾತ್ರಿಯಲ್ಲಿ ಗಿಡಗಳೂ ಆಮ್ಲಜನಕವನ್ನು ಬಳಸುವುದರಿಂದ ಮೀನುಗಳನ್ನು ಕಿಕ್ಕಿರಿಸಬಾರದು. ಆಹಾರವೂ ಅಷ್ಟೆ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ.

ಗಿಡವಿದ್ದರೆ ನೀರು ಬದಲಿಸಬೇಕಾಗಿಲ್ಲವೆ? ಬೇಕು. ಕೆರೆಗೆ ತೂಬಿದೆ, ಕೋಡಿಯಿದೆ, ಮಳೆಗಾಲದ ಹೊಸ ನೀರಿದೆ. ತೊಟ್ಟಿಗೆ ನಮ್ಮ ಬಕೆಟ್ಟೇ ತೂಬು, ಬಕೆಟ್ಟೇ ಮಳೆ. ಆವಿಯಾಗಿ ಇಂಗಿದಷ್ಟನ್ನು ತುಂಬಿಸಿದರೆ ಸಾಲದು. ಆವಿಯಾಗುವುದು ನೀರು ಮಾತ್ರ, ಲವಣಗಳೂ ನೈಟ್ರೇಟೂ ಅಲ್ಲಿಯೇ ಉಳಿಯುತ್ತವೆ. ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ತೊಟ್ಟಿಯಲ್ಲಿ ಮರಳು ಕಳೆದು ಸುಮಾರು 48 ಲೀಟರ್ ನೀರು ಹಿಡಿಯುತ್ತದೆ. ವಾರಕ್ಕೊಮ್ಮೆ ಅದರ ಕಾಲುಭಾಗ, ಎಂದರೆ 12 ಲೀಟರನ್ನು ರಬ್ಬರ್ ನಳಿಗೆಯಿಂದ ಮರಳಿನ ಮೇಲಣ ಕಸದೊಡನೆ ಎಳೆದು ತೆಗೆದು, ಅಷ್ಟೇ ಹೊಸ ನೀರನ್ನು ಮೆಲ್ಲಗೆ ಸುರಿಯಬೇಕು. ಹೊಸ ನೀರನ್ನು ಹಿಂದಿನ ದಿನವೇ ಬಾಯಗಲದ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮಿನ್ ಬೆರೆಸಿದ ನೀರಿಗೆ ಮಾತ್ರ ಈ ಉಪಾಯ ಸಾಲದು. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಹಾಕಬೇಕು. ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು.

ಎರಡನೆಯ ಬಾರಿ ನಾವು ಅವಸರಪಡಲಿಲ್ಲ. ಮೊದಲು ಗಿಡ ನೆಟ್ಟು, ಅವು ಬೇರೂರಿದ ಮೇಲೆ ಎರಡೇ ಎರಡು ಗಪ್ಪಿಗಳನ್ನೂ, ತಿಂಗಳು ಕಳೆದು ಇನ್ನೆರಡನ್ನೂ ಬಿಟ್ಟೆವು. ಈಗ ಶನಿವಾರ ರಾತ್ರಿ ಬಕೆಟ್ಟು ತುಂಬಿಡುವುದು ಮಗಳ ಕೆಲಸ. ತೆಗೆದ ನೀರು ಕರಿಬೇವಿನ ಕುಂಡಕ್ಕೆ ಹೋಗುತ್ತದೆ. ಗಾಜು ಮೊದಲಿನಂತೆ ಹೊಳೆಯುವುದಿಲ್ಲ, ಅಲ್ಲಲ್ಲಿ ಹಸುರು ಹಿಡಿದಿದೆ. ಆದರೆ ಕಳೆದ ವಾರ ಹೈಡ್ರಿಲ್ಲದ ಮರೆಯಲ್ಲಿ ಕಣ್ಣುಗಳಷ್ಟೇ ಕಾಣುವ ಏಳು ಮರಿಗಳನ್ನು ಅವಳೇ ಎಣಿಸಿದಳು.