ಕೋಡ್ ಸರಿ, ವಿಳಾಸ ತಪ್ಪಿದರೆ?

ಬ್ರೌಸರಿನಲ್ಲಿ ಬರೆದ ವಿಳಾಸಕ್ಕೆ ಯಾವ ಕೋಡ್ ಉತ್ತರಿಸಬೇಕೆಂಬುದನ್ನು ಅಂತರ್ಜಾಲ ತಾಣದೊಳಗಿನ ನಿಯಮಗಳು ನಿರ್ಧರಿಸುತ್ತವೆ. ಜಾವಾದ ಸ್ಪ್ರಿಂಗ್ ಚೌಕಟ್ಟಿನಲ್ಲಿ ಉತ್ತರಿಸುವ ಹೊಣೆ 'ಕಂಟ್ರೋಲರ್'ಗಳದ್ದು. 2007ರ ಸ್ಪ್ರಿಂಗ್ 2.5ರಿಂದೀಚೆಗೆ 'ರಿಕ್ವೆಸ್ಟ್ ಮ್ಯಾಪಿಂಗ್' ಎಂಬ ಸೂಚನೆಯ ಮೂಲಕ ವಿಳಾಸವನ್ನು ಆಯಾ ಮೆಥಡ್‌ನ ಮೇಲೆಯೇ ಬರೆಯಬಹುದು.

ಅನುಕೂಲದ ಜೊತೆಗೆ ಅಪಾಯವೂ ಇದೆ. ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಕಂಪೈಲರ್ ಆಕ್ಷೇಪಿಸದು. ಮೆಥಡ್ ಅನ್ನು ನೇರವಾಗಿ ಕರೆದು ಪರೀಕ್ಷಿಸಿದರೂ ದೋಷ ಗೋಚರಿಸದು. ಮನೆಯೊಳಗಿನವರನ್ನು ಮಾತನಾಡಿಸಿದ ಮಾತ್ರಕ್ಕೆ ಮನೆಯ ಹಾದಿ ಸರಿಯಿದೆಯೆಂದು ಹೇಳಲಾಗದಷ್ಟೆ.

ಇದಕ್ಕೆ ಪರಿಹಾರ, 2012ರ ಸ್ಪ್ರಿಂಗ್ 3.2ರಲ್ಲಿ ಸೇರ್ಪಡೆಯಾದ 'ಮಾಕ್ ಎಂವಿಸಿ'. ಸರ್ವರ್ ಚಾಲೂ ಮಾಡದೆಯೇ ಇದು ಕೃತಕ ಕೋರಿಕೆಯೊಂದನ್ನು ವಿಳಾಸದ ಮೂಲಕವೇ ಕಳುಹಿಸುತ್ತದೆ. ಕೋರಿಕೆ ಯಾವ ಮೆಥಡ್ ತಲುಪಿತು, ಉತ್ತರವಾಗಿ 200 ಬಂದಿತೇ ಅಥವಾ ಪುಟವೇ ಇಲ್ಲವೆನ್ನುವ 404 ಬಂದಿತೇ ಎಂಬುದನ್ನು ಪರೀಕ್ಷಕರು ತಾಳೆ ನೋಡಬಹುದು.

ಇಂಥ ಪರೀಕ್ಷೆಯ ಅಗತ್ಯವನ್ನು 2022ರ ಸ್ಪ್ರಿಂಗ್ 6.0 ಮನಗಾಣಿಸಿತು. ಅಲ್ಲಿಯವರೆಗೆ ವಿಳಾಸದ ಕೊನೆಗೆ ಹೆಚ್ಚುವರಿ ಓರೆಗೆರೆಯಿದ್ದರೂ ಪುಟ ತೆರೆಯುತ್ತಿತ್ತು. ಈ ಆವೃತ್ತಿಯಲ್ಲಿ ಆ ರಿಯಾಯಿತಿಯನ್ನು ಸಹಜ ವ್ಯವಸ್ಥೆಯಿಂದ ಕೈಬಿಡಲಾಯಿತು. ಪರಿಣಾಮವಾಗಿ, ಕೋಡ್‌ನಲ್ಲಿ ಒಂದು ಸಾಲೂ ಬದಲಾಗದಿದ್ದರೂ ಓದುಗರು ಉಳಿಸಿಟ್ಟುಕೊಂಡ ಹಳೆಯ ಕೊಂಡಿಗಳು 404ಕ್ಕೆ ತಲುಪಬಹುದು. ವಿಳಾಸವನ್ನೂ ಪರೀಕ್ಷಿಸುವ ತಂಡಕ್ಕೆ ಇದು ಓದುಗರಿಗಿಂತ ಮೊದಲೇ ತಿಳಿಯುತ್ತದೆ.